ತಡ ಒಲೆಯದು, ಸರದಿ ಯಾರದು? ಹೋಟೆಲಿನಲ್ಲಿ ಕಾಯುವುದರ ಚರಿತ್ರೆ

ಈ ವಾರ ರಾಜರಿಲ್ಲ, ಯುದ್ಧವಿಲ್ಲ, ಶಾಸನವೂ ಇಲ್ಲ. ಹೋಟೆಲಿನಲ್ಲಿ ಕಾಯುವುದರ ಬಗ್ಗೆ ಮಾತಾಡೋಣ ಅಂತ ಬಂದಿದ್ದೀನಿ. ಇದಕ್ಕೂ ಒಂದು ಚರಿತ್ರೆ ಇದೆಯಾ ಅಂತ ಕೇಳಬಹುದು. ಇದೆ, ಸಣ್ಣದೇನೂ ಅಲ್ಲ.

ನಾನು ಯಲಬುರ್ಗಾ ತಾಲ್ಲೂಕಿನ ಬೇವೂರಿನವನು. ನಮ್ಮ ಕಡೆ ಬೆಳಗಿನ ನಾಷ್ಟಾ ಅಂದರೆ ಒಗ್ಗರಣಿ-ಮಿರ್ಚಿ. ದಕ್ಷಿಣದ ಕೇಳುಗರಿಗೆ ಹೇಳಬೇಕೆಂದರೆ, ನೆನೆಸಿ ಹಿಂಡಿದ ಮಂಡಕ್ಕಿಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟು, ಮೇಲೆ ಪುಟಾಣಿ ಹಿಟ್ಟು ಉದುರಿಸಿ, ಪಕ್ಕದಲ್ಲಿ ಎರಡು ಬಿಸಿ ಮಿರ್ಚಿ ಇಟ್ಟು ಕೊಡ್ತಾರೆ. ಜಿಲ್ಲೆಯಲ್ಲಿ ಹೆಸರುವಾಸಿಯಾದ ಒಂದು ಅಂಗಡಿ ಇದೆ. ಹೆಸರು ಹೇಳೋದಿಲ್ಲ, ಊರೂ ಹೇಳೋದಿಲ್ಲ. ಅಲ್ಲಿ ನಾನು ಎಷ್ಟು ಸಲ ಮುಕ್ಕಾಲು ತಾಸು ನಿಂತಿದ್ದೀನೋ ಲೆಕ್ಕ ಇಲ್ಲ. "ಅಣ್ಣಾ, ಎರಡು ಪ್ಲೇಟ್ ಆಗಲೇ ಹೇಳೀನಲ್ರಿ" ಅಂದರೆ, ಬಾಣಲೆ ಮುಂದೆ ಕೂತವರು ತಲೆ ಎತ್ತದೆ "ಬರ್ತೈತಿ, ತಡೀರಿ" ಅಂತಾರೆ. ಅಷ್ಟರಲ್ಲಿ ಬೈಕ್ ಮೇಲೆ ಬಂದವರೊಬ್ಬರು ಇಳಿಯದೇನೇ ಪಾರ್ಸೆಲ್ ತಗೊಂಡು ಹೋಗಿರುತ್ತಾರೆ.

ಇಲ್ಲಿ ಎರಡು ಬೇರೆ ಸಂಗತಿಗಳಿವೆ, ನಾವು ಸಿಟ್ಟಿನಲ್ಲಿ ಎರಡನ್ನೂ ಕಲಸಿಬಿಡ್ತೀವಿ. ಒಂದು ತಡ. ಬಾಣಲೆಯಲ್ಲಿ ಒಂದು ಸಲಕ್ಕೆ ಇಷ್ಟೇ ಮಿರ್ಚಿ ಹಿಡಿಯೋದು. ಅವಸರಕ್ಕೆ ಹೆಚ್ಚು ಬಿಟ್ಟರೆ ಎಣ್ಣೆ ತಣ್ಣಗಾಗಿ ಬಜಿ ಎಣ್ಣೆ ಕುಡಿಯುತ್ತದೆ, ಒಳಗೆ ಹಿಟ್ಟು ಹಸಿ ಉಳಿಯುತ್ತದೆ. ದೋಸೆ ಕಾವಲಿಯದೂ ಇದೇ ಲೆಕ್ಕ. ಹಾಗಾಗಿ ಒಳ್ಳೆಯ ಅಂಗಡಿಯಲ್ಲಿ ತಡ ಆಗೇ ಆಗುತ್ತದೆ, ಅದಕ್ಕೆ ಯಾರನ್ನೂ ಬೈಯುವಂತಿಲ್ಲ. ಇನ್ನೊಂದು ಸರದಿ. ಬಾಣಲೆಯಿಂದ ಎತ್ತಿದ್ದು ಮೊದಲು ಯಾರ ಪ್ಲೇಟಿಗೆ ಹೋಗುತ್ತದೆ ಅನ್ನೋದನ್ನ ಒಲೆ ನಿರ್ಧರಿಸೋದಿಲ್ಲ, ಮನುಷ್ಯ ನಿರ್ಧರಿಸುತ್ತಾನೆ. ಈಗ ಗಲ್ಲಾದ ಪಕ್ಕ ಇರುವ ಡಬ್ಬಿ ಯಾರು ಎಷ್ಟು ದುಡ್ಡು ಹಾಕಿದರು ಅಂತ ಊರಿಗೇ ಕೂಗಿ ಹೇಳುತ್ತದೆ. ಆದರೂ ಬಜಿ ಹೋಗೋದು ಮುಖ ನೋಡಿ. ನಮಗೆ ನೋವಾಗೋದು ತಡದಿಂದಲ್ಲ, ಇದರಿಂದ.

ಈ ಸರದಿಯ ಪ್ರಶ್ನೆ ಹುಟ್ಟಿದ್ದೇ ಹೋಟೆಲ್ ಹುಟ್ಟಿದ ಮೇಲೆ. ಅದಕ್ಕೂ ಮೊದಲು ಪರಊರಿಗೆ ಹೊರಟವರು ರೊಟ್ಟಿ ಗಂಟು ಕಟ್ಟಿಕೊಂಡು ಹೋಗೋರು, ಇಲ್ಲದಿದ್ದರೆ ನಂಟರ ಮನೆ, ಮಠದ ದಾಸೋಹ. ದಾಸೋಹದಲ್ಲೂ ಕಾಯಬೇಕು, ಆದರೆ ಪಂಕ್ತಿ ಏಳುವವರೆಗೆ ಕಾಯಬೇಕು. ದುಡ್ಡು ಕೊಟ್ಟು ಮುಂದೆ ಹೋಗೋಕೆ ಅಲ್ಲಿ ದುಡ್ಡಿನ ಮಾತೇ ಇಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಬಂದವರು ನೋಡಿರುತ್ತೀರಿ, ಲಕ್ಷಗಟ್ಟಲೆ ಜನ ಉಣ್ಣುತ್ತಾರೆ, ಮಿರ್ಚಿಯನ್ನೂ ಲಕ್ಷದ ಲೆಕ್ಕದಲ್ಲೇ ಕರೀತಾರೆ. ಅಲ್ಲಿ ಮುಕ್ಕಾಲು ತಾಸು ನಿಂತರೂ ಯಾರೂ ಗೊಣಗೋದಿಲ್ಲ.

ಹೋಟೆಲ್ ನಮ್ಮ ಸೀಮೆಗೆ ಬಹುಪಾಲು ಕರಾವಳಿಯಿಂದ ಬಂತು. ಉಡುಪಿ, ಕೋಟ, ಕುಂದಾಪುರದ ಹುಡುಗರು ಮದ್ರಾಸು, ಮುಂಬಯಿ, ಬೆಂಗಳೂರಿಗೆ ಹೋಗಿ ಮೊದಲು ಅಡುಗೆಯವರಾಗಿ, ಆಮೇಲೆ ಮಾಲೀಕರಾಗಿ ಬೆಳೆದ ಕಥೆ ನಿಮಗೆ ಗೊತ್ತಿರೋದೇ. ಕೋಟದ ಹತ್ತಿರದ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಒಂದು ಹೋಟೆಲ್ ತೆರೆದರು. ಅದರ ಹೆಸರು ಬ್ರಾಹ್ಮಣ ಕಾಫಿ ಕ್ಲಬ್. ಈ ಹೆಸರನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. 1960ರಲ್ಲಿ ಅದು ಲಾಲ್‌ಬಾಗ್ ರಸ್ತೆಗೆ ಬಂದು ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು, ಅಂದರೆ ಎಂಟಿಆರ್. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿತ್ವ ನೋಡಿ ಬಂದಿದ್ದರು. ಗಿರಾಕಿಗಳು ಅಡುಗೆಮನೆಯನ್ನ ನೋಡಿಕೊಂಡೇ ಊಟದ ಕೋಣೆಗೆ ಹೋಗಬೇಕು ಅನ್ನೋ ಏರ್ಪಾಡು ಮಾಡಿದರು. ನನಗೆ ಇದು ಬಹಳ ಜಾಣತನದ್ದು ಅನ್ನಿಸುತ್ತದೆ. ಕಾವಲಿ ಎಷ್ಟಿದೆ, ಕೈ ಎಷ್ಟಿದೆ ಅಂತ ಕಣ್ಣಾರೆ ಕಂಡವನಿಗೆ ಕಾಯೋದು ಅಷ್ಟು ಕಷ್ಟ ಆಗೋದಿಲ್ಲ.

ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಗಳ ದರ ಇಳಿಸಿತು. ಆ ದರಕ್ಕೆ ಹಳೆಯ ಗುಣಮಟ್ಟ ಕೊಟ್ಟರೆ ನಷ್ಟ, ಗುಣಮಟ್ಟ ಇಳಿಸೋಕೆ ಮಯ್ಯರಿಗೆ ಮನಸ್ಸಿಲ್ಲ. ದಿನದ ನಷ್ಟ ಇಷ್ಟು ಅಂತ ಹೋಟೆಲ್ ಮುಂದೆ ಬೋರ್ಡ್ ಬರೆದು ಹಾಕಿ, ಕೊನೆಗೆ ಬಾಗಿಲು ಮುಚ್ಚಿದರು. ಆಗ ಬದುಕಿಗೆ ಹಿಡಿದ ದಾರಿಯೇ ರವೆ ಇಡ್ಲಿ ಮಿಕ್ಸ್ ಥರದ ಪೊಟ್ಟಣಗಳು. ಹೋಟೆಲ್ ಮತ್ತೆ ತೆರೆದದ್ದು ವರ್ಷಗಳ ನಂತರ. ಇವತ್ತೂ ಭಾನುವಾರ ಅಲ್ಲಿ ಹೆಸರು ಬರೆಸಿ ಕಾಯಬೇಕು. ಗಾಂಧಿಬಜಾರಿನಲ್ಲಿ 1943ರಲ್ಲಿ ಶುರುವಾದ ವಿದ್ಯಾರ್ಥಿ ಭವನದಲ್ಲೂ ಹಾಗೇ. ಫುಟ್‌ಪಾತಿನ ಮೇಲೆ ಜನ ನಿಂತಿರುತ್ತಾರೆ, ಒಳಗೆ ಸಪ್ಲಾಯರ್ ಒಂದೇ ಕೈಯ ಮೇಲೆ ಪ್ಲೇಟಿನ ಮೇಲೆ ಪ್ಲೇಟ್ ಪೇರಿಸಿಕೊಂಡು ದೋಸೆ ತರುತ್ತಾರೆ. ಆ ಹೆಸರಿನ ಪಟ್ಟಿ ಇದೆಯಲ್ಲ, ಅದು ಸರದಿಯನ್ನ ಮುಖ ನೋಡುವವರ ಕೈಯಿಂದ ತೆಗೆದು ಕಾಗದಕ್ಕೆ ಕೊಟ್ಟಿತು.

1980ರ ದಶಕದಲ್ಲಿ ಬೆಂಗಳೂರಿನಲ್ಲಿ ದರ್ಶಿನಿಗಳು ಬಂದವು. ಮೊದಲು ದುಡ್ಡು ಕೊಟ್ಟು ಕೂಪನ್ ತಗೋಬೇಕು, ಕೌಂಟರಿನಲ್ಲಿ ಅದನ್ನ ಕೊಟ್ಟು ತಿಂಡಿ ತಗೋಬೇಕು, ನಿಂತು ತಿನ್ನಬೇಕು, ಲೋಟ ತೊಟ್ಟಿಗೆ ಹಾಕಿ ಹೋಗಬೇಕು. ಸಪ್ಲಾಯರೇ ಇಲ್ಲ. ಸಪ್ಲಾಯರ್ ಇಲ್ಲದಿದ್ದರೆ ಸೇವೆ ಸರಿಯಿಲ್ಲ ಅನ್ನೋ ದೂರೂ ಇಲ್ಲ! ತಮಾಷೆಗೆ ಹೇಳಿದೆ, ಆದರೆ ಸಪ್ಲಾಯರ್ ಯಾರು ಅನ್ನೋದನ್ನ ಒಂದು ನಿಮಿಷ ನಿಂತು ನೋಡಬೇಕು. ನಾವು ಗದರಿಸುತ್ತಿದ್ದ ಆ ಮನುಷ್ಯ ಬಹಳ ಕಾಲ ಮನುಷ್ಯನೂ ಅಲ್ಲ, ಮಾಣಿ, ಹುಡುಗ. ಮುಂಬಯಿಯ ಹೋಟೆಲ್ ಹುಡುಗರಿಗಾಗಿಯೇ ಕನ್ನಡ ರಾತ್ರಿಶಾಲೆಗಳಿದ್ದವು, ಹಗಲು ಲೋಟ ತೊಳೆದವರು ರಾತ್ರಿ ಅಕ್ಷರ ಕಲಿತರು. ನಮ್ಮ ಜಿಲ್ಲೆಯ ಬಸ್ ಸ್ಟ್ಯಾಂಡುಗಳ ಚಾದಂಗಡಿಗಳಲ್ಲೂ ಟೇಬಲ್ ಒರೆಸುತ್ತಿದ್ದದ್ದು ಹತ್ತು-ಹನ್ನೆರಡು ವರ್ಷದ ಕೈಗಳೇ. ಹದಿನಾಲ್ಕರೊಳಗಿನ ಮಕ್ಕಳನ್ನ ಹೋಟೆಲ್, ಧಾಬಾಗಳಲ್ಲಿ ದುಡಿಸಬಾರದು ಅನ್ನೋ ನಿಷೇಧ ಬಂದದ್ದು 2006ರ ಅಕ್ಟೋಬರ್ 10ರಿಂದ. ಅಲ್ಲಿಯವರೆಗೆ ಚಾ ತಡ ಆಯಿತು ಅಂತ ನಮ್ಮ ಹಿರಿಯರು ಬೈದದ್ದು ಇಂಥ ಹುಡುಗರನ್ನ.

ಈಗ ಆ ಬ್ರಾಹ್ಮಣ ಕಾಫಿ ಕ್ಲಬ್ ಅನ್ನೋ ಹೆಸರಿಗೆ ಬರೋಣ. ಅದೊಂದೇ ಅಲ್ಲ. ಆ ಕಾಲದ ಹೋಟೆಲ್, ಖಾನಾವಳಿಗಳ ಬೋರ್ಡಿನ ಮೇಲೆ ಜಾತಿಯ ಹೆಸರು ಇರುತ್ತಿದ್ದದ್ದು ಮಾಮೂಲು. ಅಡುಗೆ ಯಾರದು ಅಂತ ತಿಳಿಸೋಕೆ ಅಂತ ಹೇಳೋರಿದ್ದಾರೆ. ಸರಿ, ಆದರೆ ಓದುವವನಿಗೆ ಒಳಗೆ ಯಾರು ಬರಬಹುದು ಅನ್ನೋದೂ ತಿಳಿಯುತ್ತಿತ್ತು. ಕೆಲವರ ಹೆಸರು ಯಾವ ಪಟ್ಟಿಗೂ ಸೇರುವಂತಿರಲಿಲ್ಲ. ಅವರು ಹೊರಗೆ ನಿಲ್ಲಬೇಕು, ತಮಗೆಂದು ಬೇರೆ ಇಟ್ಟ ಲೋಟದಲ್ಲಿ ಮೇಲಿಂದ ಹೊಯ್ದ ಚಾ ಕುಡಿಯಬೇಕು, ತಾವೇ ತೊಳೆದಿಡಬೇಕು. ಅವರ ಸರದಿ ಎಲ್ಲರದೂ ಮುಗಿದ ಮೇಲೆ.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಅಂಗಡಿ, ಉಪಾಹಾರ ಗೃಹ, ಹೋಟೆಲ್ ಅಂತ ಹೆಸರಿಟ್ಟೇ ಹೇಳಿತು, ಜಾತಿಯ ಕಾರಣಕ್ಕೆ ಅಲ್ಲಿ ಯಾರನ್ನೂ ತಡೆಯುವಂತಿಲ್ಲ ಅಂತ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, ಅಂದರೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರು ಬದಲಾದದ್ದು, ಹೋಟೆಲಿನಲ್ಲಿ ಇಟ್ಟ ಪಾತ್ರೆ ಬಳಸೋದನ್ನ ತಡೆಯೋದೂ ಅಪರಾಧ ಅಂತ ಬರೆಯಿತು. ದೇಶದ ಸಂಸತ್ತು ಕೂತು ಲೋಟ-ತಟ್ಟೆಯ ಬಗ್ಗೆ ಕಾನೂನು ಮಾಡಬೇಕಾಗಿ ಬಂತು.

ಇದು ಹಳೆಯ ಮಾತು ಅಂದುಕೊಳ್ಳುವ ಹಾಗಿಲ್ಲ. ನಮ್ಮದೇ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರಿಗೆ ಹೋಟೆಲ್ ಮತ್ತು ಕ್ಷೌರದಂಗಡಿಗೆ ಪ್ರವೇಶವಿಲ್ಲ ಅನ್ನೋದೇ ತಕರಾರಿನ ಮೂಲ. ಅದನ್ನ ಪ್ರಶ್ನಿಸಿದ್ದಕ್ಕೆ ಊರಿನಲ್ಲಿ ಹೊಗೆಯಾಡುತ್ತಿತ್ತು. 2014ರ ಆಗಸ್ಟ್ 28ರಂದು, ಸಿನಿಮಾ ಟಾಕೀಸಿನಲ್ಲಿ ನಡೆದ ಒಂದು ಜಗಳದ ನೆಪದಲ್ಲಿ, ದಲಿತ ಕೇರಿಗೆ ನುಗ್ಗಿ ಹೊಡೆದು ಗುಡಿಸಲುಗಳಿಗೆ ಬೆಂಕಿ ಇಟ್ಟರು. ಆರೋಪಿಗಳು 117. ವಿಚಾರಣೆ ಮುಗಿಯೋಕೆ ಹತ್ತು ವರ್ಷ ಹಿಡಿಯಿತು, ಅಷ್ಟರಲ್ಲಿ 16 ಆರೋಪಿಗಳು ತೀರಿಕೊಂಡಿದ್ದರು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ನ್ಯಾಯಾಲಯ 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ವಿಧಿಸಿತು. ಮುಂದಿನ ತಿಂಗಳೇ ಹೈಕೋರ್ಟ್ ಬಹುತೇಕರಿಗೆ ಜಾಮೀನು ಕೊಟ್ಟಿತು.

ತೀರ್ಪು ಬಂದ ದಿನ ದೇಶದ ಪತ್ರಿಕೆಗಳೆಲ್ಲ 98 ಅನ್ನೋ ಸಂಖ್ಯೆಯನ್ನ ದೊಡ್ಡದಾಗಿ ಹಾಕಿದವು. ಹೋಟೆಲಿನ ವಿಷಯ ಸುದ್ದಿಯ ಕೆಳಗೆಲ್ಲೋ ಒಂದು ಸಾಲು. ನನ್ನ ಕಣ್ಣು ಮಾತ್ರ ಅಲ್ಲೇ ನಿಂತಿತು. ನಾನು ತಡ ಆಯಿತು ಅಂತ ಗೊಣಗುವ ಜಾಗದಲ್ಲಿ, ಗೊಣಗುವ ಹಕ್ಕಿಗಾಗಿಯೇ ಮನೆ ಸುಡಿಸಿಕೊಂಡವರು ನನ್ನ ಜಿಲ್ಲೆಯಲ್ಲೇ ಇದ್ದಾರೆ.

ಇನ್ನೊಂದು ಗಮನಿಸಿದ್ದೀರಾ? ಈಗ ಹಳ್ಳಿಯ ಚಾದಂಗಡಿಗಳಲ್ಲೂ ಕಾಗದದ ಕಪ್ಪು ಬಂದಿದೆ. ಎಲ್ಲರಿಗೂ ಅದೇ ಕಪ್ಪು, ಕುಡಿದು ಬಿಸಾಕೋದು. ಬೇರೆ ಲೋಟ ಇಡುವ ಪ್ರಶ್ನೆಯೇ ಬರೋದಿಲ್ಲ. ಎಷ್ಟೋ ಕಡೆ ಲೋಟದ ಜಗಳ ಹೀಗೆ ಯಾರ ಮನಸ್ಸೂ ಬದಲಾಗದೇನೇ ಕಣ್ಣಿಗೆ ಕಾಣದಂತಾಯಿತು. ಬೆಂಚಿನದು ಹಾಗಲ್ಲ, ಬೆಂಚು ಬಿಸಾಕೋಕೆ ಬರೋದಿಲ್ಲ. ನಿಮ್ಮೂರಿನ ಅಂಗಡಿಯಲ್ಲಿ ಬೆಂಚಿನ ಮೇಲೆ ಯಾರು ಕೂತು ಕಾಯುತ್ತಾರೆ, ಯಾರು ಬೇವಿನ ಮರದ ಕೆಳಗೆ ನಿಂತು ಕಾಯುತ್ತಾರೆ, ನೋಡಿ ನಮಗೆ ಬರೆಯಿರಿ. ಮುಂದಿನ ವಾರ ಖಾನಾವಳಿಗಳ ಕಥೆ ಇದೆ.