ಸೆರೆಯಲ್ಲಿದ್ದ ಅಜ್ಜನನ್ನು ಹುಡುಕುತ್ತಾ



ನವೆಂಬರ್ 2 ಸಕಲ ಮೃತರ ಸ್ಮರಣೆಯ ದಿನ. ಅಂದು ನಾವು ಸಮಾಧಿಗಳ ಸುತ್ತಲಿನ ಹುಲ್ಲು ಕಿತ್ತು, ಸುಣ್ಣ ಬಳಿದು, ಹೂವಿಟ್ಟು ಮೇಣದ ಬತ್ತಿ ಹಚ್ಚುತ್ತೇವೆ. ಕಲ್ಲಿನ ಮೇಲೆ ಹುಟ್ಟಿದ ವರ್ಷ ಇರುತ್ತದೆ, ತೀರಿಕೊಂಡ ವರ್ಷ ಇರುತ್ತದೆ. ನಡುವಿನ ಬದುಕು ಮಾತ್ರ ಕಲ್ಲಿನ ಮೇಲೆ ಇರುವುದಿಲ್ಲ. ಅದನ್ನು ಮನೆಯವರೇ ನೆನಪಿಡಬೇಕು.

ಬ್ಯಾಡಗಿಯ ಒಂದು ಕುಟುಂಬದವರು ಇಂಥದೇ ಸಮಾಧಿಯೊಂದರ ಆಶೀರ್ವಾದಕ್ಕೆ ನಮ್ಮನ್ನು ಕರೆದಿದ್ದರು. ಪ್ರಾರ್ಥನೆ ಮುಗಿದ ಮೇಲೆ ಮೊಮ್ಮಗ ತಗಡಿನ ಪೆಟ್ಟಿಗೆಯೊಂದನ್ನು ತೆರೆದು ತೋರಿಸಿದ. ಅದರಲ್ಲಿ ಸೈನ್ಯದ ಬಿಡುಗಡೆ ಪತ್ರವಿತ್ತು, ಅಂಚು ಹರಿದ ಒಂದು ಅಂಚೆ ಕಾರ್ಡೂ ಇತ್ತು. "ಅಜ್ಜ ಮಿಲಿಟರಿಯೊಳಗ ಲಾರಿ ಹೊಡೀತಿದ್ರಂತ ಫಾದರ್. ಸೆರಿ ಸಿಕ್ಕಿದ್ರಂತ. ಮುಂದಿನ್ದು ಯಾರಿಗೂ ಗೊತ್ತಿಲ್ಲರಿ" ಎಂದ. ಎಂಬತ್ತು ದಾಟಿದ ಅವನ ತಾಯಿ ಮೆಲ್ಲಗೆ ಹೇಳಿದರು: "ಕೈ ಎತ್ತಿ ಬಂದ ಸಿಪಾಯಿ ಅಂತ ಮಂದಿ ಅಪ್ಪನ್ನ ಆಡಿಕೊಂಡು ನಗತಿದ್ರು. ಅವರು ಒಂದು ಮಾತೂ ತಿರುಗಿ ಆಡಲಿಲ್ಲ."

ಆ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು. ಮನೆಯವರ ಜೊತೆ ನಾವೂ ಹುಡುಕಲು ಕುಳಿತೆವು.

ಮೊದಲ ಸುಳಿವು ಸಿಕ್ಕಿದ್ದು ಕಾರ್ಡಿನಲ್ಲೇ. ಅದರ ಮೇಲೆ 'ಪಿ.ಜಿ. 91' ಎಂದಿತ್ತು. ಅದು ಯಾರೋ ಅಧಿಕಾರಿಯ ಹೆಸರಿರಬೇಕೆಂದು ಮನೆಯವರು ಇಷ್ಟು ವರ್ಷ ತಿಳಿದಿದ್ದರು. ಇಟಲಿಯ ಭಾಷೆಯಲ್ಲಿ ಆ ಎರಡು ಅಕ್ಷರಗಳ ಅರ್ಥ 'ಯುದ್ಧ ಕೈದಿಗಳು' ಎಂದು. 91ನೇ ಶಿಬಿರ ಇದ್ದದ್ದು ರೋಮ್ ನಗರದ ಪೂರ್ವಕ್ಕೆ, ಅಬ್ರುಜ್ಜೋ ಬೆಟ್ಟಗಳ ನಡುವಿನ ಅವೆಜ್ಜಾನೊ ಎಂಬ ಊರಿನಲ್ಲಿ. ಭಾರತದ ಸೈನಿಕರನ್ನು ಇಟ್ಟಿದ್ದ ಶಿಬಿರ ಅದು. ಕೈದಿಯಾದವನು ಶಿಬಿರ ಸೇರಿದ ಒಂದು ವಾರದೊಳಗೆ ಮನೆಗೆ ಕಾರ್ಡು ಬರೆಯಲು ಅವಕಾಶ ಕೊಡಬೇಕೆಂದು 1929ರ ಜಿನೀವಾ ಒಪ್ಪಂದ ಹೇಳಿತ್ತು. ಪೆಟ್ಟಿಗೆಯೊಳಗಿದ್ದದ್ದು ಅಂಥ ಕಾರ್ಡು.

ಎರಡನೆಯ ಸುಳಿವು ಬಿಡುಗಡೆ ಪತ್ರದಲ್ಲಿತ್ತು. ಅವರು ಕಾಣೆಯಾದ ದಿನ ಎಂದು 21 ಜೂನ್ 1942 ಎಂದು ಬರೆದಿತ್ತು. ಅದು ಉತ್ತರ ಆಫ್ರಿಕಾದ ಲಿಬಿಯಾ ದೇಶದ ಟೊಬ್ರುಕ್ ಬಂದರು ಜರ್ಮನ್ ಸೇನಾನಿ ರೊಮ್ಮೆಲನ ವಶವಾದ ದಿನ. ಅಲ್ಲಿ ಸೆರೆಸಿಕ್ಕವರು ಸುಮಾರು 33 ಸಾವಿರ ಮಂದಿ. ನಮ್ಮ ಬೆಳಗಾವಿ ಕೇಂದ್ರದ ಮರಾಠಾ ಲೈಟ್ ಇನ್‌ಫೆಂಟ್ರಿಯ ಎರಡನೇ ಬೆಟಾಲಿಯನ್ ಕೂಡ ಅಲ್ಲಿಯೇ ಸೆರೆಯಾಯಿತು. ಶರಣಾಗತಿಯ ನಿರ್ಧಾರ ತೆಗೆದುಕೊಂಡವರು ಕೋಟೆಯ ಮೇಲಧಿಕಾರಿ, ದಕ್ಷಿಣ ಆಫ್ರಿಕಾದ ಜನರಲ್ ಕ್ಲಾಪರ್. ಲಾರಿ ಹೊಡೆಯುವವನನ್ನು ಯಾರೂ ಕೇಳಲಿಲ್ಲ. ಕೈ ಎತ್ತಿದ್ದು ಅಜ್ಜನ ಅಳುಕಿನಿಂದಲ್ಲ, ಮೇಲಿನಿಂದ ಬಂದ ಆಜ್ಞೆಯಿಂದ.

ಇದಿಷ್ಟೇ ಆಗಿದ್ದರೆ ಮನೆಯವರ ಸಂಕಟ ಅರ್ಧ ಮಾತ್ರ ಕಳೆಯುತ್ತಿತ್ತು. ಅಜ್ಜ ಶಿಬಿರದಲ್ಲಿದ್ದ ಹೊತ್ತಿಗೆ, 1943ರ ಏಪ್ರಿಲ್ 1ರಂದು, ನಮ್ಮ ತಾಲ್ಲೂಕಿನದೇ ಆದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ಹೊಸರಿತ್ತಿಯಲ್ಲಿ ಬ್ರಿಟಿಷ್ ಸರ್ಕಾರದ ಪೊಲೀಸರ ಗುಂಡಿಗೆ ಬಲಿಯಾದರು. ಅವರೊಡನೆ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೂ ಹುತಾತ್ಮರಾದರು. ಗಾಂಧೀಜಿಯವರ ದಂಡಿ ಯಾತ್ರೆಯಲ್ಲಿ ನಡೆದಿದ್ದ ಮಹಾದೇವಪ್ಪನವರ ಹೆಸರು ಇಡೀ ಸೀಮೆಯ ಬಾಯಲ್ಲಿತ್ತು. ಅದೇ ಸೀಮೆಗೆ 1945ರಲ್ಲಿ ಒಬ್ಬ ಮನುಷ್ಯ ಬ್ರಿಟಿಷರ ಸಮವಸ್ತ್ರದಲ್ಲಿ ಬಂದು ರೈಲಿನಿಂದ ಇಳಿದ. ಐದು ವರ್ಷದ ಮಗಳಿಗೆ ತಂದೆಯ ಗುರುತು ಸಿಗದೆ ತಾಯಿಯ ಸೆರಗಿನ ಹಿಂದೆ ಅಡಗಿದಳು. ಅವನು ಬಾಯಿ ಬಿಡದೆ ಇದ್ದುದರಲ್ಲಿ ಆಶ್ಚರ್ಯವೇನು?

ಒಬ್ಬರು ನಾಡಿಗಾಗಿ ಪ್ರಾಣ ಕೊಟ್ಟರು. ಇನ್ನೊಬ್ಬರು ಮನೆಗೆ ಸಂಬಳ ಕಳಿಸಲೆಂದು ದೂರದ ಮರಳುಗಾಡಿಗೆ ಹೋದರು. ಮಹಾದೇವಪ್ಪನವರ ತ್ಯಾಗದ ಮುಂದೆ ನಾವು ತಲೆಬಾಗುತ್ತೇವೆ. ಆದರೆ ಅದಕ್ಕಾಗಿ ಅಜ್ಜನನ್ನು ಮರೆಯಬೇಕಾಗಿಲ್ಲ. ಆ ಯುದ್ಧದಲ್ಲಿ ಭಾರತದ ಸೈನ್ಯಕ್ಕೆ ಸೇರಿದವರು ಸುಮಾರು 25 ಲಕ್ಷ. ಅವರಲ್ಲಿ ಬಡತನವೇ ಕೈಹಿಡಿದು ಕರೆದೊಯ್ದವರು ಎಷ್ಟೋ ಮಂದಿ.

1943ರ ಸೆಪ್ಟೆಂಬರ್ 8ರಂದು ಇಟಲಿ ಯುದ್ಧ ನಿಲ್ಲಿಸಿದ ಸುದ್ದಿ ಹೊರಬಿತ್ತು. ಜರ್ಮನರು ಬಂದು ಶಿಬಿರಗಳನ್ನು ವಶಪಡಿಸಿಕೊಳ್ಳುವ ಮುನ್ನ ಸಾವಿರಾರು ಕೈದಿಗಳು ಬೆಟ್ಟ ಹತ್ತಿದರು. ಅವರಿಗೆ ಅನ್ನ ನೀರು ಕೊಟ್ಟವರು ಅಲ್ಲಿನ ಬಡ ರೈತರು. ಸಿಕ್ಕಿಬಿದ್ದರೆ ಮರಣದಂಡನೆ ಎಂದು ಗೊತ್ತಿದ್ದೂ, ಭಾಷೆ ತಿಳಿಯದ, ಬಣ್ಣ ಬೇರೆಯಾದ ಈ ಮಕ್ಕಳನ್ನು ಕೊಟ್ಟಿಗೆಯಲ್ಲಿ ಬಚ್ಚಿಟ್ಟು, ತಾವು ಹಸಿದು ರೊಟ್ಟಿ ಮುರಿದು ಕೊಟ್ಟರು.

ಇದನ್ನು ನಾವು ಹೇಳುತ್ತಿದ್ದಂತೆ ಆ ತಾಯಿ ಕಣ್ಣೊರೆಸಿಕೊಂಡರು. "ಅಪ್ಪ ರೊಟ್ಟಿಗೆ ಪಾನೆ ಅಂತಿದ್ರು ಫಾದರ್. ಯಾವ ಭಾಷಿ ಅಂತ ನಾವು ನಗತಿದ್ವಿ. ತಟ್ಟಿಯೊಳಗ ಒಂದು ಚೂರು ಬಿಟ್ರೂ ಬಿಡತಿರಲಿಲ್ಲ. ಶಿಲುಬಿ ಗುರುತು ಹಾಕಿ ತಾವೇ ತಿಂತಿದ್ರು."

ಇಟಲಿಯ ಮಾತಿನಲ್ಲಿ ರೊಟ್ಟಿಗೆ 'ಪಾನೆ' ಎನ್ನುತ್ತಾರೆ. ಎಷ್ಟೋ ವರ್ಷ ಬಾಯಿ ಬಿಡದ ಆ ಮನುಷ್ಯ ದಿನಾ ಊಟದ ಹೊತ್ತಿಗೆ ಆ ಒಂದು ಮಾತು ಹೇಳುತ್ತಲೇ ಇದ್ದರು. ಕೇಳುವ ಕಿವಿ ನಮಗಿರಲಿಲ್ಲ.

ಆ ಕಾಲದಲ್ಲಿ ಕೈದಿಗಳ ಸುದ್ದಿಗೆ ಕಿವಿಗೊಟ್ಟವರೂ ಇದ್ದರು. ಜಿನೀವಾದ ರೆಡ್‌ಕ್ರಾಸ್ ಸಂಸ್ಥೆ ಒಬ್ಬೊಬ್ಬ ಕೈದಿಯ ಹೆಸರಿಗೂ ಚೀಟಿ ಬರೆದಿಟ್ಟಿತು. ಪೋಪ್ ಹನ್ನೆರಡನೇ ಪಯಸ್ ಅವರು 1939ರಲ್ಲಿ ವ್ಯಾಟಿಕನ್ನಿನಲ್ಲಿ ಯುದ್ಧ ಕೈದಿಗಳ ಮಾಹಿತಿ ಕಚೇರಿಯನ್ನು ತೆರೆದರು. ವ್ಯಾಟಿಕನ್ ರೇಡಿಯೋದಲ್ಲಿ ಕೈದಿಗಳ ಹೆಸರುಗಳನ್ನು ಓದಲಾಗುತ್ತಿತ್ತು. ಆ ಕಚೇರಿಯ ಮೇಲ್ವಿಚಾರಣೆ ನೋಡಿಕೊಂಡ ಗುರುಗಳು ಮೊಂತಿನಿ. ಮುಂದೆ ಪೋಪ್ ಆರನೇ ಪೌಲರಾಗಿ 1964ರಲ್ಲಿ ಮುಂಬಯಿಗೆ ಬಂದವರು ಇವರೇ. 2018ರಲ್ಲಿ ಅವರನ್ನು ಸಂತರೆಂದು ಸಾರಲಾಯಿತು.

ಸೆರೆಯಲ್ಲಿದ್ದವನನ್ನು ನೋಡಲು ಹೋದವರು ತಮ್ಮನ್ನೇ ನೋಡಲು ಬಂದರೆಂದು ಪ್ರಭು ಯೇಸು ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ತಿಳಿಸುತ್ತಾರೆ. ಅವೆಜ್ಜಾನೊ ಸೀಮೆಯ ರೈತ ತಾಯಂದಿರು ಅದನ್ನು ಮಾಡಿದರು. ನಮ್ಮ ಅಜ್ಜಂದಿರು ಈಗ ಸಮಾಧಿಯಲ್ಲಿದ್ದಾರೆ. ಅವರನ್ನು ಅವರ ಮೌನದ ಸೆರೆಯಲ್ಲಿ ಹೋಗಿ ನೋಡುವುದು ನಮ್ಮ ಪಾಲಿನ ಕರ್ತವ್ಯ.

ಆದ್ದರಿಂದ ಪ್ರಿಯರೇ, ನಿಮ್ಮ ಮನೆಯ ಅಟ್ಟದ ಮೇಲೆ ಇಂಥ ಪೆಟ್ಟಿಗೆ ಇದ್ದರೆ ಇಳಿಸಿ. ಸೈನ್ಯದ ಸಂಖ್ಯೆ, ದಳದ ಹೆಸರು, ದಿನಾಂಕಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಹಳೆಯ ಕಾರ್ಡನ್ನು ಗುಜರಿಗೆ ಹಾಕಬೇಡಿ. ಮನೆಯ ಹಿರಿಯರ ಬಳಿ ಕುಳಿತು ಕೇಳಿ. ಅವರು ಆಡುವ ಒಂದು ವಿಚಿತ್ರ ಶಬ್ದವನ್ನೂ ನಕ್ಕು ಮರೆಯಬೇಡಿ.

ಆ ನವೆಂಬರಿನಲ್ಲಿ ಆ ಕುಟುಂಬದವರು ಎರಡು ಬಲಿಪೂಜೆಗಳನ್ನು ಹೇಳಿಸಿದರು. ಒಂದು ಅಜ್ಜನ ಆತ್ಮಕ್ಕಾಗಿ. ಇನ್ನೊಂದು, ಹೆಸರೇ ತಿಳಿಯದ, ಅವರಿಗೆ ರೊಟ್ಟಿ ಕೊಟ್ಟ ಮನೆಯವರಿಗಾಗಿ. ಅವರೆಲ್ಲರನ್ನೂ ದೇವರು ತಮ್ಮ ಬೆಳಕಿನಲ್ಲಿ ಇರಿಸಿಕೊಳ್ಳಲಿ. ಆಮೆನ್.