ಚಿತ್ರಗಳಿಲ್ಲದೆ ಆಟವಿಲ್ಲ: ಗಣಕ ಆಟಗಳಲ್ಲಿ ಕಲೆಯ ಹಂಚಿಕೆಯ ಇತಿಹಾಸ

ಗಣಕದ ಪರದೆಯ ಮೇಲೆ ಮಕ್ಕಳು ಆಡುವ ಆಟಗಳನ್ನು ನೀವು ನೋಡಿರುತ್ತೀರಿ. ಓಡುವ ನಾಯಕ, ಅಡ್ಡ ಬರುವ ಗೋಡೆ, ಮರ, ಮೋಡ, ನಾಣ್ಯ ಎಲ್ಲವನ್ನೂ ಯಾರೋ ಕುಳಿತು ಬಿಡಿಸಿರಬೇಕು. ನಾಯಕ ನಡೆಯುವಂತೆ ತೋರಲು ಸ್ವಲ್ಪ ಸ್ವಲ್ಪವೇ ವ್ಯತ್ಯಾಸವಿರುವ ಏಳೆಂಟು ಚಿತ್ರಗಳು ಬೇಕು. ಅವನು ನಾಲ್ಕು ದಿಕ್ಕಿಗೂ ನಡೆಯಬೇಕಾದರೆ ಅದರ ನಾಲ್ಕರಷ್ಟು. ಜಿಗಿಯಲು, ಬೀಳಲು, ಏಣಿ ಹತ್ತಲು ಮತ್ತಷ್ಟು. ಹೀಗೆ ಒಂದು ಪಾತ್ರಕ್ಕೇ ನೂರಾರು ಚಿತ್ರಗಳಾಗುತ್ತವೆ. ಪ್ರೋಗ್ರಾಮ್ ಬರೆಯಬಲ್ಲ ವಿದ್ಯಾರ್ಥಿಗೆ ಚಿತ್ರ ಬಿಡಿಸಲು ಬಾರದಿದ್ದರೆ ಏನು ಮಾಡಬೇಕು?

ಒಬ್ಬರು ಬಿಡಿಸಿದ್ದನ್ನು ಇನ್ನೊಬ್ಬರು ಬಳಸುವುದೇ ಸಹಜವಾದ ಪರಿಹಾರ. ಯಕ್ಷಗಾನ ಮೇಳ ಅದೇ ವೇಷದ ಪೆಟ್ಟಿಗೆಯಿಂದ ಇಂದು ಒಂದು ಪ್ರಸಂಗ, ನಾಳೆ ಇನ್ನೊಂದು ಪ್ರಸಂಗ ಆಡುವುದಿಲ್ಲವೇ? ಆದರೆ ಗಣಕ ಆಟಗಳಲ್ಲಿ ಇದು ಸಾಧ್ಯವಾಗಲು ಹಲವು ದಶಕಗಳೇ ಬೇಕಾದವು. ಅದಕ್ಕೆ ಮೂರು ತೊಡಕುಗಳು ನಿವಾರಣೆಯಾಗಬೇಕಿತ್ತು. ಚಿತ್ರಗಳು ಪ್ರೋಗ್ರಾಮ್‌ನಿಂದ ಬೇರೆಯಾಗಬೇಕು. ಅವುಗಳನ್ನು ಬಳಸಲು ಅನುಮತಿ ಇರಬೇಕು. ಬೇರೆ ಬೇರೆ ಕೈಗಳ ಚಿತ್ರಗಳು ಒಂದಕ್ಕೊಂದು ಹೊಂದಬೇಕು. ಈ ಮೂರೂ ಹೇಗೆ ನೆರವೇರಿದವು ಎಂಬುದನ್ನು ನೋಡೋಣ.

ಚಹಾ ಪಾತ್ರೆಯಿಂದ ಆರಂಭ

ನಮ್ಮ ಕಥೆ ಆಟದ ಕಂಪನಿಯಿಂದಲ್ಲ, ವಿಶ್ವವಿದ್ಯಾಲಯದ ಪ್ರಯೋಗಾಲಯದಿಂದ ಆರಂಭವಾಗುತ್ತದೆ. 1975ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಟಿನ್ ನ್ಯೂವೆಲ್ ಅವರಿಗೆ ಗಣಕದಲ್ಲಿ ಮೂರು ಆಯಾಮಗಳ ಚಿತ್ರ ಮೂಡಿಸುವ ವಿಧಾನಗಳನ್ನು ಪರೀಕ್ಷಿಸಲು ಒಂದು ವಸ್ತು ಬೇಕಾಗಿತ್ತು. ಅವರು ಮನೆಯಲ್ಲಿದ್ದ ಬಿಳಿಯ ಚಹಾ ಪಾತ್ರೆಯನ್ನು ಆರಿಸಿಕೊಂಡರು. ಅದರಲ್ಲಿ ಉಬ್ಬಿದ ಹೊಟ್ಟೆ ಇದೆ, ಬಾಗಿದ ಹಿಡಿ ಇದೆ, ಮೂತಿ ಇದೆ, ತನ್ನ ನೆರಳನ್ನು ತನ್ನ ಮೇಲೆಯೇ ಬೀಳಿಸುವ ಭಾಗಗಳೂ ಇವೆ.

ವಕ್ರ ಮೇಲ್ಮೈಯನ್ನು ಗಣಕಕ್ಕೆ ತಿಳಿಸುವ ಒಂದು ವಿಧಾನವೆಂದರೆ ಅದನ್ನು ತುಣುಕುಗಳಾಗಿ ವಿಂಗಡಿಸಿ, ಪ್ರತಿಯೊಂದು ತುಣುಕಿನ ಬಾಗುವಿಕೆಯನ್ನು 16 ನಿಯಂತ್ರಣ ಬಿಂದುಗಳಿಂದ ನಿರೂಪಿಸುವುದು. ಚಹಾ ಪಾತ್ರೆಯ ಪ್ರಚಲಿತ ರೂಪದಲ್ಲಿ ಇಂತಹ 32 ತುಣುಕುಗಳಿವೆ. ಲೆಕ್ಕದ ಪ್ರಕಾರ 512 ಬಿಂದುಗಳಾಗಬೇಕು. ಅಕ್ಕಪಕ್ಕದ ತುಣುಕುಗಳು ಅಂಚಿನ ಬಿಂದುಗಳನ್ನು ಹಂಚಿಕೊಳ್ಳುವುದರಿಂದ 306 ಸಾಕಾಗುತ್ತವೆ. ಒಂದೆರಡು ಪುಟಗಳಲ್ಲಿ ಮುದ್ರಿಸಬಹುದಾದಷ್ಟು ಅಂಕಿಗಳು!

ನ್ಯೂವೆಲ್ ಈ ಅಂಕಿಗಳನ್ನು ಇತರರಿಗೆ ಕೊಟ್ಟರು. ಬೆಳಕು, ನೆರಳು, ಪ್ರತಿಫಲನಗಳನ್ನು ಕುರಿತು ಕೆಲಸ ಮಾಡುತ್ತಿದ್ದವರು ವಸ್ತುವನ್ನು ಮತ್ತೆ ಮತ್ತೆ ಅಳೆಯುವ ಶ್ರಮ ತಪ್ಪಿತು. ಎಲ್ಲರೂ ಒಂದೇ ಪಾತ್ರೆಯನ್ನು ಬಳಸಿದ್ದರಿಂದ ಯಾರ ವಿಧಾನ ಉತ್ತಮವೆಂದು ಹೋಲಿಸುವುದೂ ಸಾಧ್ಯವಾಯಿತು. ಭೌತವಿಜ್ಞಾನದಲ್ಲಿ ಮಾನಕ ವಸ್ತು ಮಾಡುವ ಕೆಲಸವನ್ನು ಇಲ್ಲಿ ಚಹಾ ಪಾತ್ರೆ ಮಾಡಿತು. 1995ರ 'ಟಾಯ್ ಸ್ಟೋರಿ' ಚಲನಚಿತ್ರದಲ್ಲೂ ಅದು ಕಾಣಿಸಿಕೊಂಡಿದೆ. ಮೂಲ ಪಾತ್ರೆ ಈಗ ಕ್ಯಾಲಿಫೋರ್ನಿಯಾದ ಗಣಕ ಇತಿಹಾಸ ಸಂಗ್ರಹಾಲಯದಲ್ಲಿದೆ.

8 ಕಿಲೋಬೈಟಿನ ಜಗತ್ತು

ಆಟಗಳ ಜಗತ್ತಿನಲ್ಲಿ ಆಗ ಸ್ಥಿತಿ ಬೇರೆಯೇ ಆಗಿತ್ತು. ಅಲ್ಲಿ ಮರುಬಳಕೆಗೆ ಕಾರಣ ಸ್ಮೃತಿಯ ಬಡತನ. 1985ರಲ್ಲಿ ಜಪಾನಿನ ನಿಂಟೆಂಡೊ ಹೊರತಂದ 'ಸೂಪರ್ ಮಾರಿಯೊ ಬ್ರದರ್ಸ್' ಆಟವನ್ನೇ ತೆಗೆದುಕೊಳ್ಳಿ. ಅದರ ಪೆಟ್ಟಿಗೆಯಲ್ಲಿ ಪ್ರೋಗ್ರಾಮ್‌ಗೆ 32 ಕಿಲೋಬೈಟ್, ಚಿತ್ರಗಳಿಗೆ 8 ಕಿಲೋಬೈಟ್ ಸ್ಥಳವಿತ್ತು. ಚಿತ್ರಗಳನ್ನು 8×8 ಬಿಂದುಗಳ ಚೌಕಗಳಾಗಿ ಸಂಗ್ರಹಿಸುತ್ತಿದ್ದರು. ಪ್ರತಿ ಬಿಂದುವಿಗೆ 2 ಬಿಟ್. ಒಂದು ಚೌಕಕ್ಕೆ 128 ಬಿಟ್, ಅಂದರೆ 16 ಬೈಟ್. 8192 ಬೈಟ್‌ಗಳನ್ನು 16ರಿಂದ ಭಾಗಿಸಿದರೆ 512 ಚೌಕಗಳು. ಇಡೀ ಆಟ ಇಷ್ಟರಲ್ಲೇ ಮುಗಿಯಬೇಕು.

ಆದ್ದರಿಂದ ವಿನ್ಯಾಸಕಾರರು ಒಂದು ಉಪಾಯ ಮಾಡಿದರು. ಆ ಆಟದ ಮೋಡವನ್ನೂ ನೆಲದ ಮೇಲಿನ ಪೊದೆಯನ್ನೂ ಹೋಲಿಸಿ ನೋಡಿ. ಎರಡರ ಆಕಾರ ಒಂದೇ. ಬಣ್ಣ ಮಾತ್ರ ಬೇರೆ. ಬಿಂದುವಿನ 2 ಬಿಟ್‌ಗಳು ಬಣ್ಣವನ್ನು ನೇರವಾಗಿ ಹೇಳುವುದಿಲ್ಲ, ಬಣ್ಣದ ಪಟ್ಟಿಯಲ್ಲಿ ಎಷ್ಟನೆಯದು ಎಂದಷ್ಟೇ ಹೇಳುತ್ತವೆ. ಪಟ್ಟಿ ಬದಲಾದರೆ ಬಿಳಿ ಮೋಡ ಹಸಿರು ಪೊದೆಯಾಗುತ್ತದೆ.

ಆದರೆ ಇದು ಒಂದೇ ಆಟದೊಳಗಿನ ಮರುಬಳಕೆ. ಆ ಚೌಕಗಳು ಪೆಟ್ಟಿಗೆಯ ಚಿಪ್‌ನಲ್ಲಿ ಬಂಧಿಯಾಗಿದ್ದವು. ಇನ್ನೊಬ್ಬರು ಅವನ್ನು ತೆಗೆದು ಬಳಸುವ ಮಾರ್ಗವಾಗಲಿ ಹಕ್ಕಾಗಲಿ ಇರಲಿಲ್ಲ.

ಚಿತ್ರಗಳಿಗೆ ಬೇರೆ ಕಡತ

ಮೊದಲ ತೊಡಕು ನಿವಾರಣೆಯಾದುದರ ಸ್ಪಷ್ಟ ಉದಾಹರಣೆ 1993ರ ಡಿಸೆಂಬರ್‌ನಲ್ಲಿ ಬಂದ 'ಡೂಮ್' ಎಂಬ ಆಟ. ಇದನ್ನು ತಯಾರಿಸಿದ್ದು ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆ. ಅದರ ಮುಖ್ಯ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್. ಈ ಆಟದ ಕೆಲವು ಪಾತ್ರಗಳನ್ನು ಮೊದಲು ಬೊಂಬೆಗಳಾಗಿ ಮಾಡಿ, ಬೇರೆ ಬೇರೆ ಕೋನಗಳಿಂದ ಅವುಗಳ ಚಿತ್ರ ತೆಗೆದು ಗಣಕಕ್ಕೆ ಸೇರಿಸಿದ್ದರು. ಹೀಗೆ ಸಿದ್ಧವಾದ ಚಿತ್ರ, ಧ್ವನಿ, ನಕ್ಷೆಗಳೆಲ್ಲವನ್ನೂ 'ವ್ಯಾಡ್' ಎಂಬ ಪ್ರತ್ಯೇಕ ಕಡತದಲ್ಲಿಟ್ಟರು. ಪ್ರೋಗ್ರಾಮ್ ತನಗೆ ಬೇಕಾದ ಚಿತ್ರವನ್ನು ಹೆಸರಿನಿಂದ ಹುಡುಕಿ ತೆಗೆದುಕೊಳ್ಳುತ್ತಿತ್ತು.

ಇದರ ಪರಿಣಾಮ ದೊಡ್ಡದು. ಅದೇ ಹೆಸರಿನಲ್ಲಿ ಬೇರೊಂದು ಚಿತ್ರವನ್ನಿಟ್ಟರೆ ಪ್ರೋಗ್ರಾಮ್ ಅದನ್ನೇ ತೋರಿಸುತ್ತದೆ. 1994ರಿಂದಲೇ ಆಟಗಾರರು ತಮ್ಮದೇ ಚಿತ್ರ, ನಕ್ಷೆಗಳನ್ನು ತಯಾರಿಸಿ ಹಂಚಿಕೊಳ್ಳತೊಡಗಿದರು.

ಪ್ರೋಗ್ರಾಮ್ ಬಂತು, ಚಿತ್ರ ಬರಲಿಲ್ಲ

1997ರ ಡಿಸೆಂಬರ್‌ನಲ್ಲಿ ಡೂಮ್‌ನ ಮೂಲ ಸಂಕೇತವನ್ನು, ಅಂದರೆ ಪ್ರೋಗ್ರಾಮ್‌ನ ಓದಬಲ್ಲ ಪಠ್ಯವನ್ನು, ಸಾರ್ವಜನಿಕರಿಗೆ ಬಿಡುಗಡೆ ಮಾಡಲಾಯಿತು. 1999ರಲ್ಲಿ ಅದು ಮುಕ್ತ ತಂತ್ರಾಂಶದ ಪರವಾನಗಿಗೆ ಒಳಪಟ್ಟಿತು. ಯಾರು ಬೇಕಾದರೂ ಅದನ್ನು ಓದಬಹುದು, ತಿದ್ದಬಹುದು, ಹಂಚಬಹುದು. ಆದರೆ ವ್ಯಾಡ್ ಕಡತ ಸಂಸ್ಥೆಯ ಸ್ವತ್ತಾಗಿಯೇ ಉಳಿಯಿತು. ಪ್ರೋಗ್ರಾಮ್ ಕೈಯಲ್ಲಿದೆ; ಚಲಾಯಿಸಿದರೆ ತೋರಿಸಲು ಗೋಡೆಯಿಲ್ಲ, ಬಾಗಿಲಿಲ್ಲ, ಪಾತ್ರವಿಲ್ಲ. ಮುಕ್ತವಾದ ಆಟ ಎನ್ನುವ ಮಾತಿಗೆ ಅರ್ಧ ಅರ್ಥ ಮಾತ್ರ ಬಂದಿತ್ತು.

ಈ ಕೊರತೆಯನ್ನು ತುಂಬಲು 2001ರಲ್ಲಿ 'ಫ್ರೀಡೂಮ್' ಎಂಬ ಯೋಜನೆ ಆರಂಭವಾಯಿತು. ಮೂಲ ಆಟದಲ್ಲಿರುವ ಪ್ರತಿಯೊಂದು ಹೆಸರಿಗೂ ಹೊಸ ಚಿತ್ರ, ಹೊಸ ಧ್ವನಿ, ಹೊಸ ನಕ್ಷೆ ರಚಿಸುವುದೇ ಅದರ ಗುರಿ. ಸ್ವಯಂಸೇವಕರು ವರ್ಷಗಟ್ಟಲೆ ದುಡಿದರು. ಮೂಲ ಆಟದ ಚಿತ್ರವನ್ನು ಅಲ್ಪಸ್ವಲ್ಪ ತಿದ್ದಿ ಕೊಟ್ಟರೆ ಸ್ವೀಕರಿಸುವುದಿಲ್ಲ ಎಂಬುದು ಅಲ್ಲಿನ ಕಟ್ಟುನಿಟ್ಟಿನ ನಿಯಮ. ಒಂದೇ ಒಂದು ಚಿತ್ರದ ಮೂಲ ಸಂದೇಹಾಸ್ಪದವಾದರೂ ಇಡೀ ಕಡತದ ಮೇಲಿನ ಭರವಸೆ ಹೋಗುತ್ತದೆ.

ಅನುಮತಿಯ ಭಾಷೆ

ಎರಡನೆಯ ತೊಡಕು ಇದೇ. ಕೃತಿಸ್ವಾಮ್ಯ ಕಾನೂನಿನ ಪ್ರಕಾರ ಬಿಡಿಸಿದ ಚಿತ್ರದ ಹಕ್ಕು ತಾನಾಗಿಯೇ ಕಲಾವಿದರಿಗೆ ಸೇರುತ್ತದೆ. ಕಲಾವಿದರು ಸುಮ್ಮನಿದ್ದರೆ ಅನುಮತಿ ಇಲ್ಲವೆಂದೇ ಅರ್ಥ. ಹಂಚಲು ಮನಸ್ಸಿದ್ದವರಿಗೂ ಅದನ್ನು ಕಾನೂನಿನ ಮಾತಿನಲ್ಲಿ ಹೇಳುವ ಸರಳ ದಾರಿ ಇರಲಿಲ್ಲ. 2001ರಲ್ಲಿ ಕಾನೂನು ಪ್ರಾಧ್ಯಾಪಕ ಲಾರೆನ್ಸ್ ಲೆಸಿಗ್ ಮತ್ತಿತರರು ಸ್ಥಾಪಿಸಿದ 'ಕ್ರಿಯೇಟಿವ್ ಕಾಮನ್ಸ್' ಸಂಸ್ಥೆ 2002ರ ಡಿಸೆಂಬರ್‌ನಲ್ಲಿ ಸಿದ್ಧ ಪರವಾನಗಿಗಳನ್ನು ಹೊರತಂದಿತು. ನನ್ನ ಹೆಸರು ಹೇಳಿ ಬಳಸಿ, ಬದಲಿಸಿದರೆ ಅದನ್ನೂ ಇದೇ ಷರತ್ತಿನಲ್ಲಿ ಹಂಚಿ, ವ್ಯಾಪಾರಕ್ಕೆ ಬಳಸಬೇಡಿ, ಬದಲಿಸಬೇಡಿ - ಹೀಗೆ ಕಲಾವಿದರು ತಮಗೆ ಬೇಕಾದ ಷರತ್ತುಗಳನ್ನು ಆರಿಸಿಕೊಳ್ಳಬಹುದು.

ಇವುಗಳಲ್ಲಿ ಎಲ್ಲವೂ ಆಟಗಳಿಗೆ ಒಗ್ಗುವುದಿಲ್ಲ. ಆಟಕ್ಕೆ ಹೊಂದಿಸಲು ಚಿತ್ರದ ಗಾತ್ರ, ಬಣ್ಣ ಬದಲಿಸಲೇಬೇಕು. ಹಾಗಾಗಿ 'ಬದಲಿಸಬೇಡಿ' ಎಂಬ ಷರತ್ತಿದ್ದರೆ ಉಪಯೋಗವಿಲ್ಲ. ಮುಕ್ತ ತಂತ್ರಾಂಶವನ್ನು ಮಾರಲು ನಿಷೇಧವಿಲ್ಲವಾದ್ದರಿಂದ 'ವ್ಯಾಪಾರ ಬೇಡ' ಎನ್ನುವ ಚಿತ್ರವೂ ಅದರ ಜೊತೆ ಸೇರದು. 2009ರಲ್ಲಿ ಬಾರ್ಟ್ ಕೆಲ್ಸಿ ಆರಂಭಿಸಿದ 'ಓಪನ್ ಗೇಮ್ ಆರ್ಟ್' ಸಂಗ್ರಹ ಈ ಎರಡು ಷರತ್ತುಗಳಿರುವ ಕೃತಿಗಳನ್ನು ಸ್ವೀಕರಿಸುವುದಿಲ್ಲ.

ಅನುಮತಿ ಸ್ಪಷ್ಟವಾಗಿದ್ದರೆ ಏನಾಗಬಹುದು ಎಂಬುದಕ್ಕೆ 2008ರ ನಿದರ್ಶನವಿದೆ. ಆಮ್‌ಸ್ಟರ್‌ಡ್ಯಾಮ್‌ನ ಬ್ಲೆಂಡರ್ ಸಂಸ್ಥೆ 'ಬಿಗ್ ಬಕ್ ಬನ್ನಿ' ಎಂಬ ಕಿರುಚಿತ್ರವನ್ನು ಅದರ ಎಲ್ಲ ಮೂಲ ಕಡತಗಳೊಂದಿಗೆ ಬಿಡುಗಡೆ ಮಾಡಿತು. ಆ ಚಿತ್ರದಲ್ಲಿ ಮೊಲವನ್ನು ಕಾಡುವ ಹಾರುವ ಅಳಿಲು ಅದೇ ವರ್ಷ 'ಯೋ ಫ್ರ್ಯಾಂಕಿ' ಎಂಬ ಆಟದ ನಾಯಕನಾಯಿತು!

ಒಂದೇ ಅಳತೆ, ಒಂದೇ ಬೆಳಕು

ಮೂರನೆಯ ತೊಡಕು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಬೇಗ ಅರ್ಥವಾದೀತು. ಒಬ್ಬರ ಮರದ ಮೇಲೆ ಬೆಳಕು ಎಡದಿಂದ ಬೀಳುತ್ತದೆ, ಇನ್ನೊಬ್ಬರ ಮನೆಯ ಮೇಲೆ ಬಲದಿಂದ. ಒಂದನ್ನು ನೇರ ಮೇಲಿನಿಂದ ನೋಡಿದಂತಿದೆ, ಇನ್ನೊಂದನ್ನು ಓರೆಯಾಗಿ. ಒಂದು 16 ಬಿಂದುಗಳ ಚೌಕ, ಇನ್ನೊಂದು 32. ಬಿಡಿಯಾಗಿ ಎಲ್ಲವೂ ಚೆಂದ. ಒಟ್ಟಿಗೆ ಇಟ್ಟರೆ ಕಣ್ಣಿಗೆ ಕಿರಿಕಿರಿ. ಏಕಮಾನ ಹೇಳದೆ ಕೊಟ್ಟ ಅಳತೆಗಳನ್ನು ಕೂಡಿಸಿದಂತೆ.

2012ರಲ್ಲಿ ನಡೆದ 'ಲಿಬರೇಟೆಡ್ ಪಿಕ್ಸೆಲ್ ಕಪ್' ಸ್ಪರ್ಧೆ ಇದಕ್ಕೆ ಉತ್ತರ ಹುಡುಕಿತು. ಕ್ರಿಯೇಟಿವ್ ಕಾಮನ್ಸ್, ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಮತ್ತು ಓಪನ್ ಗೇಮ್ ಆರ್ಟ್ ಸೇರಿ ನಡೆಸಿದ ಈ ಸ್ಪರ್ಧೆಯಲ್ಲಿ ಮೊದಲು ಒಂದು ಶೈಲಿ ಕೈಪಿಡಿ ಸಿದ್ಧವಾಯಿತು. ಚೌಕ 32×32 ಬಿಂದುಗಳದ್ದಾಗಿರಬೇಕು. ನೋಟದ ಕೋನ, ಬೆಳಕು, ನೆರಳು ಹೀಗಿರಬೇಕು ಎಂದು ಅದು ನಿರ್ಧರಿಸಿತು. ಜೂನ್‌ನಲ್ಲಿ ಕಲಾವಿದರು ಕೈಪಿಡಿಗೆ ಅನುಗುಣವಾಗಿ ಚಿತ್ರ ಬಿಡಿಸಿದರು. ಜುಲೈನಲ್ಲಿ ಪ್ರೋಗ್ರಾಮರ್‌ಗಳು ಅವುಗಳಿಂದ ಆಟ ಕಟ್ಟಿದರು. ಒಬ್ಬರನ್ನೊಬ್ಬರು ಕಾಣದವರ ಕೆಲಸ ಹೊಂದಿಕೊಂಡಿತು. ಸ್ಪರ್ಧೆ ಮುಗಿದ ಮೇಲೂ ಇತರರು ಅದೇ ಅಳತೆಯಲ್ಲಿ ಉಡುಪು, ಕೂದಲು, ಆಯುಧಗಳನ್ನು ಸೇರಿಸುತ್ತ ಬಂದರು.

ಇದರಿಂದ ಹೊಸ ಹೊಣೆಯೊಂದು ಹುಟ್ಟಿತು. ದೇಹ ಒಬ್ಬರದು, ಕೂದಲು ಇನ್ನೊಬ್ಬರದು, ಅಂಗಿ ಮತ್ತೊಬ್ಬರದು ಆದಾಗ ಒಂದು ಪಾತ್ರಕ್ಕೆ ಹಲವರ ಹೆಸರು ಹೇಳಬೇಕು. ಚಿತ್ರವನ್ನು ಉಚಿತವಾಗಿ ಕೊಟ್ಟವರಿಗೆ ಸಿಗುವ ಪ್ರತಿಫಲ ಅನೇಕ ವೇಳೆ ಆ ಹೆಸರು ಮಾತ್ರ. ಅದನ್ನೂ ಬಿಟ್ಟರೆ ಕೊಡುವ ಕೈ ನಿಲ್ಲುತ್ತದೆ.

ನಿಮಗೊಂದು ಮಾತು

ಇಂದು ಹಣ ಕೊಟ್ಟು ಚಿತ್ರ ಕೊಳ್ಳುವ ಮಳಿಗೆಗಳೂ ಇವೆ, ಮಾತಿನಲ್ಲಿ ಕೇಳಿದರೆ ಚಿತ್ರ ರಚಿಸಿಕೊಡುವ ತಂತ್ರಾಂಶಗಳೂ ಇವೆ. ಕೊಂಡ ಚಿತ್ರವನ್ನು ಆಟದಲ್ಲಿ ಬಳಸಬಹುದೇ ಹೊರತು ಸಾಮಾನ್ಯವಾಗಿ ಬಿಡಿಯಾಗಿ ಮರುಹಂಚುವಂತಿಲ್ಲ. ತಂತ್ರಾಂಶ ರಚಿಸಿದ ಚಿತ್ರಗಳಲ್ಲಿ ಯಾರ ಕೃತಿಗಳಿಂದ ಅದು ಕಲಿತಿತು ಎಂಬ ಪ್ರಶ್ನೆ ಮತ್ತೆ ಎದ್ದಿದೆ.

ಶಿಕ್ಷಕರೇ, ನೀವು ಗ್ರಹಣವನ್ನೋ ಆಹಾರ ಸರಪಳಿಯನ್ನೋ ಕಲಿಸಲು ಪುಟ್ಟ ಆಟವೊಂದನ್ನು ಮಾಡಿಸಬೇಕೆಂದಿದ್ದರೆ ಚಿತ್ರ ಬರದು ಎಂದು ಹಿಂಜರಿಯಬೇಕಿಲ್ಲ. ವಿದ್ಯಾರ್ಥಿಗಳೇ, ಪ್ರತಿ ಚಿತ್ರಕ್ಕೂ ಮೂರು ಸಂಗತಿಗಳನ್ನು ಒಂದು ಕಡತದಲ್ಲಿ ಬರೆದಿಡಿ: ಬಿಡಿಸಿದವರು ಯಾರು, ಎಲ್ಲಿಂದ ಪಡೆದದ್ದು, ಯಾವ ಷರತ್ತಿನಲ್ಲಿ. ಪ್ರಯೋಗದ ದಾಖಲೆ ಪುಸ್ತಕದಲ್ಲಿ ಉಪಕರಣದ ಹೆಸರು ಬರೆಯುವಷ್ಟೇ ಸಹಜವಾಗಿ ಇದೂ ಅಭ್ಯಾಸವಾಗಲಿ. ನೀವೇ ಒಂದು ಮರವನ್ನೋ ಹಕ್ಕಿಯನ್ನೋ ಚೆನ್ನಾಗಿ ಬಿಡಿಸಿದರೆ ಅಳತೆ, ಷರತ್ತುಗಳನ್ನು ಬರೆದು ಇತರರಿಗೂ ಕೊಡಿ. ನ್ಯೂವೆಲ್ ಕೊಟ್ಟದ್ದು ಒಂದು ಚಹಾ ಪಾತ್ರೆಯ ಅಂಕಿಗಳನ್ನು ಮಾತ್ರ. ಐವತ್ತು ವರ್ಷಗಳ ನಂತರವೂ ಅವು ಬಳಕೆಯಲ್ಲಿವೆ.