ನಮ್ಮ ಭಾಗಕ್ಕೆ ಕ್ಯಾಮೆರಾ ಬಂದ ದಾರಿ, ನಾನು ಅದನ್ನು ಕಲಿತ ಬಗೆ

ಈ ಸಂಚಿಕೆಯಲ್ಲಿ ಶಾಲೆಯ ಕಟ್ಟಡ, ಮುಖ್ಯ ಗುರುಗಳು, ಫಲಿತಾಂಶ ಇವುಗಳ ಬಗ್ಗೆ ಬಲ್ಲವರು ಬರೆಯುತ್ತಾರೆ. ಹಳೆಯ ವಿದ್ಯಾರ್ಥಿಯಾದ ನನಗೆ ಗೊತ್ತಿರುವ ವಿದ್ಯೆ ಫೋಟೋ ತೆಗೆಯುವುದೊಂದೇ. ಆ ವಿದ್ಯೆ ನಮ್ಮ ಭಾಗಕ್ಕೆ ಹೇಗೆ ಬಂತು, ರಾವೂರಿನ ಒಬ್ಬ ಹುಡುಗ ಅದರ ಓನಾಮ ಹೇಗೆ ತಿದ್ದಿದ, ಅದು ನಮ್ಮಲ್ಲಿ ಯಾರನ್ನು ಹಿಡಿದಿಟ್ಟಿತು, ಯಾರನ್ನು ಬಿಟ್ಟಿತು ಎಂಬುದನ್ನು ಬರೆಯುತ್ತೇನೆ.

ಫ್ರಾನ್ಸಿನ ದಾಗೆರ್ ಕಂಡುಹಿಡಿದ ಛಾಯಾಚಿತ್ರದ ವಿಧಾನ ಜಗತ್ತಿಗೆ ತಿಳಿದದ್ದು 1839ರಲ್ಲಿ. ಹದಿನೈದೇ ವರ್ಷದಲ್ಲಿ, 1854ರಲ್ಲಿ, ಮುಂಬಯಿಯಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಮರುವರ್ಷ ಅಲ್ಲಿಯ ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ಫೋಟೋಗ್ರಫಿ ತರಗತಿ ತೆರೆದರು. ಅಲ್ಲಿ ಕಲಿತ ಹರಿಚಂದ ಚಿಂತಾಮಣ ಮುಂದೆ ಮುಂಬಯಿಯಲ್ಲಿ ಹೆಸರಾದ ಫೋಟೋಗ್ರಾಫರ್ ಆದರು. ಅಂದರೆ ನಮ್ಮ ದೇಶದಲ್ಲಿ ಫೋಟೋ ತೆಗೆಯುವುದು ತೀರ ಮೊದಲಿನಿಂದಲೂ ಶಾಲೆಯಲ್ಲಿ ಕಲಿಸುವ ವಿಷಯವಾಗಿತ್ತು. ಇದು ನಮ್ಮ ಮಕ್ಕಳಿಗೆ ಗೊತ್ತಿರಲಿ.

ಕನ್ನಡ ನಾಡಿಗೆ ಕ್ಯಾಮೆರಾ ಹೊತ್ತು ತಂದವರು ಸೈನ್ಯದ ಅಧಿಕಾರಿಗಳು. 1854ರ ಕೊನೆಗೆ ಲಿನೇಯಸ್ ಟ್ರೈಪ್ ಬೇಲೂರು, ಹಳೇಬೀಡುಗಳ ಚಿತ್ರ ತೆಗೆದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಚಿತ್ರಗಳನ್ನು ತೆಗೆದ. ಇಬ್ಬರೂ ಬಳಸಿದ್ದು ಮೇಣ ಸವರಿದ ಕಾಗದದ ನೆಗೆಟಿವ್. ಆ ಕಾಲದ ಇನ್ನೊಂದು ವಿಧಾನದಲ್ಲಿ ಗಾಜಿನ ಮೇಲೆ ಹಸಿ ಲೇಪ ಹಚ್ಚಿ, ಅದು ಒಣಗುವುದರೊಳಗೆ ಚಿತ್ರ ತೆಗೆದು ತೊಳೆಯಬೇಕಿತ್ತು. ನಮ್ಮ ಬಿಸಿಲಿನಲ್ಲಿ ಆ ಲೇಪ ಎಷ್ಟು ಹೊತ್ತು ಹಸಿ ಇದ್ದೀತು? ಮೇಣದ ಕಾಗದವನ್ನಾದರೆ ಮೊದಲೇ ಸಿದ್ಧಮಾಡಿ ಪೆಟ್ಟಿಗೆಯಲ್ಲಿಟ್ಟು ಒಯ್ಯಬಹುದಿತ್ತು. 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ಗುಡಿಗಳ ಚಿತ್ರಗಳ ದೊಡ್ಡ ಪುಸ್ತಕವೊಂದು ಲಂಡನ್ನಿನಲ್ಲಿ ಹೊರಬಂತು. ಅದಕ್ಕೆ ಇತಿಹಾಸದ ಭಾಗ ಬರೆದವನು ಮೆಡೋಸ್ ಟೇಲರ್, ನಮ್ಮವರಿಗೆ ಸುರಪುರದ ಟೇಲರ್ ಸಾಹೇಬನೆಂದೇ ಪರಿಚಿತ. ಈ ಚಿತ್ರಗಳಲ್ಲೆಲ್ಲ ಮುಖ್ಯವಾದದ್ದು ಕಲ್ಲು. ಎಲ್ಲಾದರೂ ಮನುಷ್ಯ ಕಂಡರೆ ಬಹುಮಟ್ಟಿಗೆ ಕಂಬದ ಎತ್ತರ ತಿಳಿಯಲೆಂದು ನಿಲ್ಲಿಸಿದವನು.

ನಮ್ಮ ಭಾಗ ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನದ ಮಟ್ಟಿಗೆ ಫೋಟೋ ಎಂದರೆ ಲಾಲಾ ದೀನ್ ದಯಾಳ್. 1844ರಲ್ಲಿ ಮೇರಠ ಹತ್ತಿರದ ಸರ್ಧನಾದಲ್ಲಿ ಹುಟ್ಟಿದ ಇವರು ರೂರ್ಕಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಇಂದೋರಿನಲ್ಲಿ ಲೋಕೋಪಯೋಗಿ ಇಲಾಖೆಯ ನೌಕರಿಗೆ ಸೇರಿದವರು. ಕ್ಯಾಮೆರಾ ಹಿಡಿದದ್ದು 1874ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ. ಅದೇ 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಎರಡಕ್ಕೂ ಸಂಬಂಧವಿಲ್ಲ, ನಿಜ. ಆದರೆ ನಂತರದ ಕಾಲದಲ್ಲಿ ಹೈದರಾಬಾದಿನ ಹೊಸತೆಲ್ಲ ನಮಗೆ ಆ ಹಳಿಯ ಮೇಲೇ ಬಂದದ್ದರಿಂದ ಈ ವರ್ಷವನ್ನು ನಾನು ಮರೆಯುವುದಿಲ್ಲ.

ದೀನ್ ದಯಾಳ್ ಮುಂದೆ ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದರು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿಖಾನರು ಇವರಿಗೆ ‘ರಾಜಾ ಮುಸವ್ವಿರ್ ಜಂಗ್’ ಎಂಬ ಬಿರುದು ಕೊಟ್ಟರು. ಮುಸವ್ವಿರ್ ಎಂದರೆ ಚಿತ್ರಗಾರ. 1892ರಲ್ಲಿ ಪರದೆಯೊಳಗಿನ ಹೆಂಗಸರಿಗಾಗಿ ಹೈದರಾಬಾದಿನಲ್ಲಿ ಪ್ರತ್ಯೇಕ ಸ್ಟುಡಿಯೋ ಮಾಡಿ, ಅದನ್ನು ಒಬ್ಬ ಮಹಿಳೆಯ ಕೈಗೆ ಒಪ್ಪಿಸಿದರು. ಅರಮನೆ, ಬೇಟೆ, ದರಬಾರುಗಳ ಚಿತ್ರಗಳ ನಡುವೆ, 19ನೆಯ ಶತಮಾನದ ಕೊನೆಯ ಬರಗಾಲದಲ್ಲಿ ಔರಂಗಾಬಾದ್ ಜಿಲ್ಲೆಯ ಪರಿಹಾರ ಕಾಮಗಾರಿಯ ಚಿತ್ರಗಳೂ ಇವರ ಹೆಸರಿನಲ್ಲಿ ಇವೆ. 1905ರಲ್ಲಿ ತೀರಿಕೊಂಡರು. ಇವರ ಸ್ಟುಡಿಯೋದ 2857 ಗಾಜಿನ ನೆಗೆಟಿವ್‌ಗಳನ್ನು 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಕೊಂಡು ಕಾಪಾಡಿದೆ. ನವಾಬರ ಮುಖ ಉಳಿದದ್ದು ಹೀಗೆ.

ಇನ್ನು ನನ್ನ ಕಲಿಕೆ. 1980ರ ದಶಕದ ಮೊದಲಲ್ಲಿ ಹೈಸ್ಕೂಲಿನಲ್ಲಿದ್ದಾಗ, ರಜೆಯಲ್ಲಿ ಸೈಕಲ್ ಹೊಡೆದುಕೊಂಡು ವಾಡಿಯ ಒಂದು ಸ್ಟುಡಿಯೋಕ್ಕೆ ಹೋಗುತ್ತಿದ್ದೆ. ಅದರ ಮಾಲಕರನ್ನು ಎಲ್ಲರೂ ಕಾಕಾ ಅನ್ನುತ್ತಿದ್ದರು. ಮೊದಲ ಮೂರು ತಿಂಗಳು ಕಸ ಹೊಡೆಯುವುದು, ತೊಳೆದ ಪ್ರಿಂಟುಗಳನ್ನು ಒಣಗಿಸುವುದು, ಅಂಚು ಕತ್ತರಿಸುವುದು ಇಷ್ಟೇ ಕೆಲಸ. ಆಮೇಲೆ ಕೈಗೆ ಕೊಟ್ಟದ್ದು ಆಗ್ಫಾ ಕ್ಲಿಕ್ ಡಬ್ಬಿ ಕ್ಯಾಮೆರಾ. ಅದರಲ್ಲಿ ಬಿಸಿಲಿಗೊಂದು, ಮೋಡಕ್ಕೊಂದು ಗುರುತು, ಬಿಟ್ಟರೆ ತಿರುಗಿಸಲು ಹೆಚ್ಚೇನೂ ಇಲ್ಲ. ಒಂದು ರೋಲಿಗೆ ಹನ್ನೆರಡು ಚಿತ್ರ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮು ನಮಗೆ ಸಿಗುತ್ತಿತ್ತು. ಹನ್ನೆರಡೇ ಇರುವುದರಿಂದ ಗುಂಡಿ ಒತ್ತುವ ಮೊದಲು ನೂರು ಸಲ ನೋಡುವ ರೂಢಿ ಬಿತ್ತು. ಇಂದಿನ ಮೊಬೈಲಿನ ಮಕ್ಕಳಿಗೆ ಈ ಬಡತನದ ಲಾಭ ಹೇಗೆ ತಿಳಿಸಬೇಕೋ ನನಗೆ ಹೊಳೆಯುವುದಿಲ್ಲ.

ದೊಡ್ಡ ಕ್ಯಾಮೆರಾಕ್ಕೆ ಬಂದಾಗ ಕಲಿತದ್ದು ಎರಡು ಲೆಕ್ಕ. ಲೆನ್ಸಿನ ಕಿಂಡಿ ಎಷ್ಟು ಅಗಲ, ಬಾಗಿಲು ಎಷ್ಟು ಹೊತ್ತು ತೆರೆದಿರಬೇಕು. ಕಿಂಡಿಯ ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು. ಇದು ತಲೆಗೆ ಹತ್ತಲು ನನಗೆ ಒಂದು ವಾರ ಬೇಕಾಯಿತು. ನಿಚ್ಚಳ ಬಿಸಿಲಿಗೆ, 100ರ ಫಿಲ್ಮಿಗೆ, ಕಿಂಡಿ 16, ವೇಗ ಸೆಕೆಂಡಿನ 125ನೇ ಒಂದು ಭಾಗ. ಮೀಟರ್ ಇಲ್ಲದವರಿಗೆ ಇದೇ ಮಗ್ಗಿ. ಆದರೆ ನಮ್ಮ ಊರಲ್ಲಿ ಈ ಮಗ್ಗಿ ಕೈಕೊಡುತ್ತದೆ. ಪಾಲಿಶ್ ಮಷಿನ್ನಿನ ಹತ್ತಿರ ಫರ್ಸಿಯ ರಾಶಿ, ಬಿಳಿ ಪುಡಿ, ಕಣ್ಣು ಕುಕ್ಕುವ ಬೆಳಕು. ಆ ಬೆಳಕಿಗೆ ತಕ್ಕ ಲೆಕ್ಕ ಹಾಕಿದರೆ ಕಲ್ಲು ಚೆನ್ನಾಗಿ ಬರುತ್ತದೆ, ರುಮಾಲಿನ ನೆರಳಲ್ಲಿದ್ದ ಮುಖ ಕಪ್ಪಾಗುತ್ತದೆ. ಮುಖಕ್ಕೆ ತಕ್ಕಂತೆ ಕಿಂಡಿ ತೆರೆದರೆ ಕಲ್ಲು ಸುಣ್ಣದಂತೆ ಬಿಳಿಚಿಕೊಳ್ಳುತ್ತದೆ. ಕಾಕಾ ಒಂದೇ ಮಾತು ಕೇಳುತ್ತಿದ್ದರು: “ತಮ್ಮಾ, ನಿನಗ ಕಲ್ಲು ಬೇಕೋ, ಮಾರಿ ಬೇಕೋ? ಮೊದಲ ಅದ ಹೇಳು.” ಟ್ರೈಪ್, ಗ್ರೀನ್‌ಲಾ ಅವರ ಚಿತ್ರಗಳನ್ನು ಮುಂದೆ ಪುಸ್ತಕಗಳಲ್ಲಿ ನೋಡಿದಾಗಲೆಲ್ಲ ನನಗೆ ಈ ಪ್ರಶ್ನೆಯೇ ನೆನಪಾಯಿತು.

ಕತ್ತಲೆ ಕೋಣೆಯ ಕಷ್ಟ ಬೇರೆ. ಫಿಲ್ಮು ತೊಳೆಯುವ ಡೆವಲಪರ್ ಸುಮಾರು 20 ಡಿಗ್ರಿ ಇರಬೇಕೆಂದು ಡಬ್ಬಿಯ ಮೇಲೆ ಬರೆದಿರುತ್ತಿತ್ತು. ಮೇ ತಿಂಗಳಲ್ಲಿ ನಮ್ಮ ನಳದ ನೀರೇ ಕೈ ಸುಡುತ್ತದೆ. ನೀರು ಬಿಸಿಯಾದರೆ ಫಿಲ್ಮಿನ ಮೇಲಿನ ಜಿಲಾಟಿನ್ ಪದರ ಉಬ್ಬಿ, ಕೆಲವೊಮ್ಮೆ ಸುಲಿದೇ ಹೋಗುತ್ತದೆ. ಆದ್ದರಿಂದ ರಾತ್ರಿಯೆಲ್ಲ ಮಣ್ಣಿನ ಕೊಡದಲ್ಲಿ ನೀರಿಟ್ಟು ನಸುಕಿನ ನಾಲ್ಕಕ್ಕೆ ತೊಳೆಯುತ್ತಿದ್ದೆವು. ಹೈಪೋದಲ್ಲಿ ಅದ್ದಿದ ಮೇಲೆ ಗಂಟೆ ತನಕ ನೀರಲ್ಲಿ ಜಾಲಿಸಬೇಕು, ಇಲ್ಲದಿದ್ದರೆ ಚಿತ್ರ ವರ್ಷ ಕಳೆದಂತೆ ಹಳದಿಯಾಗುತ್ತದೆ. ನಿಮ್ಮ ಮನೆಯ ಮದುವೆ ಫೋಟೋ ಹಳದಿಯಾಗಿದ್ದರೆ, ಆ ಬೇಸಿಗೆ ನೀರಿನ ಅಭಾವವಿತ್ತೇನೋ ಎಂದು ಊಹಿಸಬಹುದು.

ಬೆಳಕಿನ ಪಾಠ ನನಗೆ ಪೂರ್ತಿ ತಿಳಿದದ್ದು ಚಿತ್ತಾಪುರದ ನಾಗಾವಿಯಲ್ಲಿ. ಹನ್ನೊಂದನೆಯ ಶತಮಾನದ ಘಟಿಕಾಸ್ಥಾನ ಅದು. 1058ರ ಶಾಸನದಲ್ಲಿ ವಿದ್ಯಾರ್ಥಿಗಳು, ಗುರುಗಳ ಜೊತೆ ಗ್ರಂಥ ಕಾಯುವ ಆರು ಜನ ಸರಸ್ವತೀ ಭಾಂಡಾರಿಗರ ಉಲ್ಲೇಖವಿದೆ. ಹೈದರಾಬಾದಿನ ಪುರಾತತ್ವ ಇಲಾಖೆ ನಾಗಾವಿಯ ಶಾಸನಗಳನ್ನು 1928ರಲ್ಲೇ ಪುಸ್ತಕವಾಗಿ ಪ್ರಕಟಿಸಿತು. ನಡು ಮಧ್ಯಾಹ್ನ ನಿಂತು ತೆಗೆದರೆ ಆ ಅಕ್ಷರ ಒಂದೂ ಕಾಣುವುದಿಲ್ಲ, ಬರೀ ಕಲ್ಲಿನ ಹಲಗೆ. ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ಪ್ರತಿ ಅಕ್ಷರದ ಗುಣಿಯಲ್ಲಿ ನೆರಳು ಕೂತು ಸಾಲು ಸಾಲಾಗಿ ಎದ್ದು ಬರುತ್ತದೆ.

ಈಗ ನಮ್ಮ ಶಾಲೆಯ ಗ್ರೂಪ್ ಫೋಟೋಗಳ ವಿಷಯ. ಕುರ್ಚಿಯಲ್ಲಿ ಗುರುಗಳು, ಮುಂದೆ ನೆಲದ ಮೇಲೆ ಹುಡುಗಿಯರು, ಹಿಂದೆ ಬೆಂಚಿನ ಮೇಲೆ ಹುಡುಗರು, ನಡುವೆ ವರ್ಷ ಬರೆದ ಪಾಟಿ. ಇಂಥ ಹಲವು ಚಿತ್ರಗಳನ್ನು ಕಾಕಾನ ಜೊತೆ ನಾನೂ ತೆಗೆದಿದ್ದೇನೆ. ಇವನ್ನೆಲ್ಲ ತೆಗೆದದ್ದು ಹತ್ತನೆಯ ತರಗತಿಯ ಬೀಳ್ಕೊಡುಗೆಯ ದಿನ. ಎಂಟನೆಯ ತರಗತಿಗೆ ಹೆಸರು ಹಚ್ಚಿ, ಒಂಬತ್ತಕ್ಕೆ ಬರುವಷ್ಟರಲ್ಲಿ ಗಣಿಗೆ ಹೋದವರು, ಮದುವೆಯಾಗಿ ಹೋದ ಹುಡುಗಿಯರು ಯಾವ ಸಾಲಿನಲ್ಲೂ ಇಲ್ಲ. ನನ್ನ ಬೆಂಚಿನಲ್ಲಿ ಕೂಡುತ್ತಿದ್ದವನೇ ಇಲ್ಲ. ಲೆಕ್ಕದಲ್ಲಿ ಅವನು ನನಗಿಂತ ಚುರುಕಿದ್ದ. ಸುವರ್ಣ ಮಹೋತ್ಸವಕ್ಕೆಂದು ಗೋಡೆಗೆ ಈ ಚಿತ್ರಗಳನ್ನಷ್ಟೇ ತೂಗುಹಾಕಿದರೆ ಪಾಸಾದವರ ಶಾಲೆ ಕಾಣುತ್ತದೆ, ಓದಲು ಬಂದವರ ಶಾಲೆ ಕಾಣುವುದಿಲ್ಲ. ಅವರ ಹೆಸರು ಇರುವುದು ದಾಖಲಾತಿ ರಿಜಿಸ್ಟರಿನಲ್ಲಿ ಮಾತ್ರ.

ಸ್ಟುಡಿಯೋದ ನೆಗೆಟಿವ್‌ಗಳಾದರೂ ಇದ್ದಿದ್ದರೆ ಹುಡುಕಬಹುದಿತ್ತು. ಫಿಲ್ಮಿನಲ್ಲಿ ಬೆಳ್ಳಿ ಇರುತ್ತದೆ. ಡಿಜಿಟಲ್ ಬಂದು ಅಂಗಡಿ ಮುಚ್ಚಿದಾಗ ಬೆಳ್ಳಿ ತೆಗೆಯುವವರು ಬಂದು ಮೂಟೆಗಳನ್ನು ತೂಕಕ್ಕೆ ಒಯ್ದರು. ಅದರಲ್ಲಿ ಜಾತ್ರೆಯ ಚಿತ್ರಗಳಿದ್ದವು, ಹಾಜರಿಯ ದಿನ ಗಣಿಯ ಮುಂದೆ ಸಾಲಾಗಿ ನಿಂತ ಕೂಲಿಕಾರರ ಚಿತ್ರಗಳಿದ್ದವು, ರೇಷನ್ ಕಾರ್ಡಿಗೆಂದು ತೆಗೆಸಿದ ನೂರಾರು ತಾಯಂದಿರ ಮುಖಗಳಿದ್ದವು.

ಆದ್ದರಿಂದ ಮಹೋತ್ಸವ ಸಮಿತಿಗೆ ನನ್ನ ಬೇಡಿಕೆ ಇಷ್ಟು. ಊರ ಮನೆಗಳ ಗೋಡೆ, ಟ್ರಂಕು, ಹಳೆ ಪಾಸ್‌ಬುಕ್ಕಿನ ಮೊದಲ ಪುಟ ಎಲ್ಲಿದ್ದರೂ ಆ ಮುಖಗಳನ್ನು ತರಿಸಿ. ಮೂಲ ಇಟ್ಟುಕೊಳ್ಳಬೇಡಿ, ಪಡಸಾಲೆಯ ನೆರಳಲ್ಲಿ ಫೋಟೋ ಚಪ್ಪಟೆಯಾಗಿ ಇಟ್ಟು, ಮೊಬೈಲ್ ನೇರ ಮೇಲೆ ಹಿಡಿದು, ಫ್ಲ್ಯಾಶ್ ಹಾಕದೆ ನಕಲು ತೆಗೆದು ಅಂದೇ ಹಿಂದಿರುಗಿಸಿ. ಹಿಂಬದಿಯಲ್ಲಿ ಪೆನ್ನಿನಿಂದ ಬರೆಯಬೇಡಿ, ಶಾಯಿ ಮುಂದಕ್ಕೆ ಇಳಿಯುತ್ತದೆ. ಮೆತ್ತಗಿನ ಪೆನ್ಸಿಲಿನಿಂದ ಹೆಸರು ಬರೆಯಿರಿ. ರಿಜಿಸ್ಟರಿನ ಪಟ್ಟಿ ಹಿಡಿದು ಮನೆ ಮನೆಗೆ ಹೋಗುವ ಕೆಲಸಕ್ಕೆ ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರು, ಒಬ್ಬ ಹುಡುಗ ಈಗಾಗಲೇ ಹೆಸರು ಕೊಟ್ಟಿದ್ದಾರೆ. ಭಾನುವಾರ ಬೆಳಿಗ್ಗೆ ಏಳಕ್ಕೆ, ಬಿಸಿಲು ಏರುವ ಮೊದಲು, ಶಾಲೆಯ ಪಡಸಾಲೆಯಲ್ಲಿ ಅವರಿಗೆ ಮೊದಲ ಪಾಠ ಇದೆ.